ದಧೀಚಿಯನ್ನು ಮರೆತ ವಜ್ರಾಯುಧ

ಇಂದ್ರನ ವಜ್ರಾಯುಧ ಕವಿಕಲ್ಪನೆಯಲ್ಲ, ನಮ್ಮ ಹಿರಿಯರು ಆಕಾಶದಲ್ಲಿ ಕಣ್ಣಾರೆ ಕಂಡ ಮಹಾ ವಿದ್ಯುತ್ ಸಿಡಿತ ಎಂಬ ಮಾತು ಈಗ ರಾಯಚೂರಿನ ಕಾಲೇಜು ಹುಡುಗರವರೆಗೂ ಬಂದು ಮುಟ್ಟಿದೆ. ಅಂಥ ಒಬ್ಬ ಹುಡುಗ ಮೊಬೈಲ್ ಮುಂದೆ ಹಿಡಿದು, “ನೋಡ್ರಿ ಸರ್, ನಮ್ಮ ಪುರಾಣದಾಗ ಇದ್ದದ್ದೆಲ್ಲ ಖರೇ ಐತಿ ಅಂತ ಅಮೆರಿಕಾದವರೇ ಹೇಳ್ಯಾರ” ಎಂದ. ಅವನ ಮುಖದಲ್ಲಿದ್ದ ಬೆರಗು ನಿಜವಾದದ್ದು. ತನ್ನ ಅಜ್ಜಿ ಹೇಳಿದ ಕಥೆಗೂ ತಾನು ಓದುವ ಭೌತಶಾಸ್ತ್ರಕ್ಕೂ ನಡುವೆ ಒಂದು ಸೇತುವೆ ಸಿಕ್ಕಿತೆಂಬ ಖುಷಿ ಅದು. ಅದನ್ನು ನಕ್ಕು ತಳ್ಳಿಹಾಕುವುದು ಸುಲಭ. ಹೌದಪ್ಪ ಹೌದು ಎಂದು ತಲೆಯಾಡಿಸಿ ಕಳಿಸುವುದು ಇನ್ನೂ ಸುಲಭ. ಎರಡೂ ಅವನಿಗೆ ಮಾಡುವ ಅನ್ಯಾಯವೇ.

ಈ ವಾದಕ್ಕೆ ಮುಕ್ಕಾಲು ಶತಮಾನದ ಚರಿತ್ರೆಯಿದೆ. ಇಮಾನ್ಯುಯೆಲ್ ವೆಲಿಕೋವ್‌ಸ್ಕಿ ಎಂಬ ಮನೋವೈದ್ಯರು 1950ರಲ್ಲಿ ‘ವರ್ಲ್ಡ್ಸ್ ಇನ್ ಕೊಲಿಷನ್’ ಎಂಬ ಪುಸ್ತಕ ಬರೆದರು. ಕ್ರಿಸ್ತಪೂರ್ವ 1500ರ ಸುಮಾರಿಗೆ ಶುಕ್ರಗ್ರಹವು ಗುರುವಿನಿಂದ ಸಿಡಿದು, ಧೂಮಕೇತುವಾಗಿ ಭೂಮಿಯ ಪಕ್ಕದಲ್ಲೇ ಹಾದುಹೋಯಿತು. ಜಗತ್ತಿನ ಪುರಾಣಗಳಲ್ಲಿ ಬರುವ ಬೆಂಕಿಮಳೆ, ಪ್ರಳಯ, ದೇವತೆಗಳ ಕಾಳಗ ಎಲ್ಲವೂ ಆ ಅನಾಹುತದ ನೆನಪು ಎಂಬುದು ಅವರ ವಾದ. ಮುಂದೆ ಡೇವಿಡ್ ಟಾಲ್ಬಟ್ 1980ರ ತಮ್ಮ ಪುಸ್ತಕದಲ್ಲಿ, ಒಂದು ಕಾಲಕ್ಕೆ ಶನಿಗ್ರಹವೇ ಉತ್ತರದ ಆಕಾಶದಲ್ಲಿ ದೊಡ್ಡದಾಗಿ ನಿಂತಿತ್ತು ಎಂದರು. ರಾಲ್ಫ್ ಜರ್ಗನ್ಸ್, ಸೂರ್ಯ ಉರಿಯುವುದು ತನ್ನೊಳಗಿನ ಪರಮಾಣು ಬೆಸುಗೆಯಿಂದಲ್ಲ, ಹೊರಗಿನಿಂದ ಹರಿದುಬರುವ ವಿದ್ಯುತ್ತಿನಿಂದ ಎಂದು ವಾದಿಸಿದರು. ವಾಲೇಸ್ ಥಾರ್ನ್‌ಹಿಲ್ ಇವೆಲ್ಲವನ್ನೂ ಸೇರಿಸಿ ‘ವಿದ್ಯುತ್ ವಿಶ್ವ’ದ ಸಿದ್ಧಾಂತ ಕಟ್ಟಿದರು. 2003ರಲ್ಲಿ ಆಂಥನಿ ಪೆರಾಟ್ ಎಂಬ ಪ್ಲಾಸ್ಮಾ (ವಿದ್ಯುತ್ ಕಣಗಳಾಗಿ ಒಡೆದ ಅನಿಲ) ವಿಜ್ಞಾನಿ, ಜಗತ್ತಿನ ಬಂಡೆಗಳ ಮೇಲೆ ಆದಿಮಾನವ ಕೊರೆದ ರೂಪಗಳು ಆಕಾಶದಲ್ಲಿ ಕಂಡ ಪ್ಲಾಸ್ಮಾದ ಚಿತ್ರಗಳೇ ಎಂಬ ಪ್ರಬಂಧವನ್ನೂ ಪ್ರಕಟಿಸಿದರು.

ಇದರಲ್ಲಿ ಸತ್ಯದ ಅಂಶವಿಲ್ಲವೆಂದಲ್ಲ. ನಕ್ಷತ್ರಗಳು ಪ್ಲಾಸ್ಮಾದಿಂದಲೇ ಆದವು. ಧ್ರುವಪ್ರಭೆಗೆ ಸೂರ್ಯನಿಂದ ಬರುವ ವಿದ್ಯುತ್ ಕಣಗಳೇ ಕಾರಣವೆಂದು ನಾರ್ವೆಯ ಕ್ರಿಸ್ಟಿಯನ್ ಬಿರ್ಕೆಲ್ಯಾಂಡ್ ಹೇಳಿದಾಗ ಬಹಳ ಜನ ನಂಬಲಿಲ್ಲ. ಕೊನೆಗೆ ಅವರ ಮಾತೇ ನಿಂತಿತು. ಪ್ಲಾಸ್ಮಾ ಅಧ್ಯಯನಕ್ಕಾಗಿ ಹಾನ್ಸ್ ಆಲ್ಫ್‌ವೇನ್ ಅವರಿಗೆ 1970ರಲ್ಲಿ ನೊಬೆಲ್ ಬಂತು. 2024ರ ಮೇ ತಿಂಗಳಲ್ಲಿ ಸೌರ ಬಿರುಗಾಳಿ ಬೀಸಿದಾಗ ಲಡಾಖಿನ ಹಾನ್ಲೆಯ ಆಕಾಶವೂ ಕೆಂಪಾಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ರೂಪಿಸಿದ ಉಪಕರಣ ಹೊತ್ತ ಆದಿತ್ಯ ಎಲ್1 ನೌಕೆ ಇವತ್ತು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ನೋಡುತ್ತಿರುವುದು ಇದೇ ಸೂರ್ಯನ ಪ್ಲಾಸ್ಮಾವನ್ನು. ಆಕಾಶದಲ್ಲಿ ವಿದ್ಯುತ್ತಿದೆ ಎಂಬುದಕ್ಕೆ ತಕರಾರಿಲ್ಲ. ಎಲ್ಲಕ್ಕೂ ವಿದ್ಯುತ್ತೇ ಕಾರಣ ಎಂದಾಗ ತಕರಾರು ಶುರುವಾಗುತ್ತದೆ.

ವೆಲಿಕೋವ್‌ಸ್ಕಿ ಶುಕ್ರಗ್ರಹ ಸುಡುತ್ತಿರಬೇಕು ಎಂದಿದ್ದರು. ನೌಕೆಗಳು ಹೋಗಿ ಅಳೆದರೆ ಅಲ್ಲಿ ಸುಮಾರು 460 ಡಿಗ್ರಿ ಸೆಲ್ಸಿಯಸ್. ಅವರ ಅಭಿಮಾನಿಗಳು ಇಂದಿಗೂ ಇದನ್ನೇ ಎತ್ತಿ ಹೇಳುತ್ತಾರೆ. ಆದರೆ ಶುಕ್ರ ಸುಡುತ್ತಿರುವುದು ನಿನ್ನೆ ಮೊನ್ನೆ ಹುಟ್ಟಿದ್ದಕ್ಕಲ್ಲ, ಅದರ ದಟ್ಟ ಇಂಗಾಲದ ಡೈಆಕ್ಸೈಡ್ ಹೊದಿಕೆ ಶಾಖವನ್ನು ಹೊರಗೆ ಬಿಡದೆ ಹಿಡಿದಿಟ್ಟಿದ್ದಕ್ಕೆ. ಉತ್ತರ ಸರಿಯಾಗಿ ಬಂದ ಮಾತ್ರಕ್ಕೆ ಲೆಕ್ಕ ಸರಿಯೆಂದು ಯಾವ ಮೇಷ್ಟರೂ ಒಪ್ಪುವುದಿಲ್ಲ. ಇನ್ನೊಂದು ಕಡೆ, ಆ ಕಾಲದ ಪಂಡಿತರು ನಡೆದುಕೊಂಡ ರೀತಿಯೂ ನೆಟ್ಟಗಿರಲಿಲ್ಲ. ಅವರ ಒತ್ತಡಕ್ಕೆ ಮಣಿದು ಮ್ಯಾಕ್‌ಮಿಲನ್ ಸಂಸ್ಥೆ ಚೆನ್ನಾಗಿ ಮಾರಾಟವಾಗುತ್ತಿದ್ದ ಆ ಪುಸ್ತಕವನ್ನು ಬೇರೆ ಪ್ರಕಾಶಕರಿಗೆ ಬಿಟ್ಟುಕೊಟ್ಟಿತು. ವಾದದಿಂದ ಗೆಲ್ಲಬಹುದಾಗಿದ್ದ ಕಡೆ ತಿರಸ್ಕಾರ ಬಳಸಿದರು. ತಿರಸ್ಕಾರ ಒಂದು ತಪ್ಪು ವಾದಕ್ಕೆ ಹುತಾತ್ಮನ ಪಟ್ಟ ಕಟ್ಟಿತು.

ತಿರಸ್ಕಾರದ ಬದಲು ತಾಳ್ಮೆಯಿಂದ ನಡೆದರೆ ಏನಾಗುತ್ತದೆ ಎಂಬುದಕ್ಕೆ ಸೂರ್ಯನ ವಿಷಯವೇ ಸಾಕ್ಷಿ. ಸೂರ್ಯನೊಳಗೆ ಪರಮಾಣುಗಳು ಬೆಸೆಯುತ್ತಿದ್ದರೆ ಅಲ್ಲಿಂದ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಹೊರಡಲೇಬೇಕು. ಅಮೆರಿಕದ ರೇಮಂಡ್ ಡೇವಿಸ್ 1960ರ ದಶಕದಲ್ಲಿ ಒಂದು ಚಿನ್ನದ ಗಣಿಯ ಆಳದಲ್ಲಿ ಕೂತು ಅವನ್ನು ಎಣಿಸಲು ಹೊರಟರು. ಸಿಕ್ಕಿದ್ದು ಲೆಕ್ಕದ ಮೂರನೇ ಒಂದು ಪಾಲು. ಅದೇ ದಶಕದಲ್ಲಿ, 1965ರಲ್ಲಿ, ನಮ್ಮ ಕೋಲಾರದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನ ಸಂಗಡಿಗರೊಂದಿಗೆ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಹಿಡಿದಿದ್ದರು. ಸೂರ್ಯನ ಲೆಕ್ಕದಲ್ಲಿದ್ದ ಕೊರತೆಯನ್ನು ಯಾರೂ ಮುಚ್ಚಿಡಲಿಲ್ಲ. ಮೂವತ್ತು ವರ್ಷ ಅದನ್ನು ಬಹಿರಂಗವಾಗಿ ಒಪ್ಪಿಕೊಂಡು, ಮತ್ತೆ ಮತ್ತೆ ಅಳೆದರು. ವಿದ್ಯುತ್ ಸೂರ್ಯನ ವಾದಿಗಳು ಅದನ್ನೇ ತಮ್ಮ ಗೆಲುವೆಂದರು. ಕೊನೆಗೆ 2001-02ರಲ್ಲಿ ಕೆನಡಾದ ಸಡ್‌ಬರಿ ಪ್ರಯೋಗಾಲಯದಲ್ಲಿ ಉತ್ತರ ಸಿಕ್ಕಿತು. ಬರುವ ದಾರಿಯಲ್ಲಿ ನ್ಯೂಟ್ರಿನೊಗಳು ಬೇರೆ ಬಗೆಗೆ ತಿರುಗುತ್ತಿದ್ದವು. ಎಲ್ಲ ಬಗೆಯನ್ನೂ ಕೂಡಿಸಿದರೆ ಲೆಕ್ಕ ಸರಿಹೋಯಿತು. ಸೂರ್ಯ ಉರಿಯುವುದು ಒಳಗಿನಿಂದಲೇ. ತನಗೆ ಎದುರಾದ ಸಾಕ್ಷಿಯನ್ನು ಮೂವತ್ತು ವರ್ಷ ಮನೆಬಾಗಿಲಲ್ಲಿ ಕೂರಿಸಿಕೊಳ್ಳುವ ಎದೆಗಾರಿಕೆ ಎಷ್ಟು ಸಿದ್ಧಾಂತಗಳಿಗಿದೆ?

ಪುರಾಣಕ್ಕೂ ನೆಲಕ್ಕೂ ಇರುವ ನಂಟನ್ನು ತಾಳ್ಮೆಯಿಂದ ನೋಡಿದ ಉದಾಹರಣೆ ನಮ್ಮ ಸೀಮೆಯಲ್ಲೇ ಇದೆ. ಕೃಷ್ಣಾ ತುಂಗಭದ್ರೆಯರ ಈ ದೋಆಬಿನಲ್ಲೂ ಸುತ್ತಲ ಬಳ್ಳಾರಿ, ಸುರಪುರ ಕಡೆಯಲ್ಲೂ ಹಳೆಯ ಬೂದಿದಿಬ್ಬಗಳಿವೆ. ಕೆಲವು ಕಡೆ ಬೂದಿ ಕರಗಿ ಗಾಜಿನ ಕಿಟ್ಟದಂತೆ ಗಟ್ಟಿಯಾಗಿದೆ. ಹಂಪಿಯ ಬಳಿ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಜ್ವಾಲಾಮುಖಿ ಇರಬಹುದು, ಲೋಹ ಕರಗಿಸಿದ ಕುಲುಮೆ ಇರಬಹುದು ಎಂದು ಊಹಿಸಿದ ವಿದ್ವಾಂಸರೂ ಇದ್ದರು. ಆಕಾಶದ ಬೆಂಕಿ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? 1957ರಲ್ಲಿ ಎಫ್.ಆರ್. ಆಲ್ಚಿನ್ ರಾಯಚೂರಿಗೆ ಎದುರು ದಡದ, ಆಗಿನ ಮಹಬೂಬ್‌ನಗರ ಜಿಲ್ಲೆಯ ಉಟ್ನೂರಿನಲ್ಲಿ ದಿಬ್ಬವೊಂದನ್ನು ಪದರ ಪದರವಾಗಿ ಬಿಡಿಸಿದರು. ಬೂದಿಯ ಪದರದ ಕೆಳಗೆ ದನಗಳ ಗೊರಸಿನ ಗುರುತು ಹಾಗೇ ಅಚ್ಚೊತ್ತಿ ಉಳಿದಿತ್ತು. ಸುತ್ತ ಬೇಲಿಯ ಗೂಟ ನೆಟ್ಟ ಕುಳಿಗಳಿದ್ದವು. ಅದು ನವಶಿಲಾಯುಗದ ದನಗಾಹಿಗಳ ದೊಡ್ಡಿ. ವರ್ಷಗಟ್ಟಲೆ ಬಿದ್ದ ಸಗಣಿಯ ರಾಶಿಗೆ ಅವರೇ ಬೆಂಕಿ ಇಟ್ಟಿದ್ದರು, ಮತ್ತೆ ಅಲ್ಲೇ ದನ ಕಟ್ಟಿದ್ದರು, ಮತ್ತೆ ಬೆಂಕಿ ಇಟ್ಟಿದ್ದರು.

ವೆಲಿಕೋವ್‌ಸ್ಕಿ ಹೇಳಿದ ಮಹಾ ಅನಾಹುತದ ಕಾಲ ಸರಿಯಾಗಿ ಈ ಜನರ ಯುಗದ ನಡುವೆಯೇ ಬೀಳುತ್ತದೆ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ, ಬಳ್ಳಾರಿಯ ಕುಪಗಲ್ಲು ಗುಡ್ಡದಲ್ಲಿ ಅವರು ಬಂಡೆಗಳ ಮೇಲೆ ಚಿತ್ರ ಬಿಟ್ಟುಹೋಗಿದ್ದಾರೆ. ಎಲ್ಲಿ ನೋಡಿದರೂ ಹೆಚ್ಚಾಗಿ ಕಾಣುವುದು ದನ. ಉದ್ದ ಕೋಡಿನ, ಹಿಣಿಲು ಎದ್ದ ಹೋರಿ. ಆಕಾಶ ಸೀಳಿ ಗ್ರಹಗಳು ಕಾದಾಡಿದ್ದರೆ ಇವರು ಕೊರೆಯುತ್ತಿದ್ದದ್ದು ಹೋರಿಯ ಹಿಣಿಲನ್ನೇ? ತಮ್ಮ ಅನ್ನ, ತಮ್ಮ ಸಂಪತ್ತು, ತಮ್ಮ ಪ್ರೀತಿ ಯಾವುದೋ ಅದನ್ನು ಅವರು ಬರೆದರು. ಅವರ ಕೈಯಿಂದ ಆ ಹೋರಿಯನ್ನು ಕಿತ್ತುಕೊಂಡು ಪ್ಲಾಸ್ಮಾದ ಸುರುಳಿ ಕೊಡುವುದು ಗೌರವವಲ್ಲ.

ಕಥೆಗಳಿಗೂ ಇದೇ ಆಗುತ್ತದೆ. ಭಾಗವತದ ಆರನೆಯ ಸ್ಕಂಧದಲ್ಲಿ ವೃತ್ರಾಸುರನ ಕಥೆಯಿದೆ. ಇಂದ್ರನಿಗೆ ವಜ್ರಾಯುಧ ಆಕಾಶದಿಂದ ಬಿಟ್ಟಿಯಾಗಿ ಉದುರಲಿಲ್ಲ. ದಧೀಚಿ ಋಷಿಯ ಬಳಿ ಹೋಗಿ ದೇವತೆಗಳು ಅವನ ದೇಹವನ್ನೇ ಬೇಡಿದರು. ಹೇಗಿದ್ದರೂ ಒಂದು ದಿನ ಹೋಗುವ ದೇಹ, ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದು ಋಷಿ ಅದನ್ನು ಬಿಟ್ಟುಕೊಟ್ಟ. ಅವನ ಎಲುಬಿನಿಂದ ವಜ್ರ ಆಯಿತು. ಅದು ಬಿದ್ದದ್ದು ಯಾರ ಮೇಲೆ? ಯುದ್ಧದ ನಡುವೆಯೂ ಹರಿಯನ್ನು ನೆನೆಯುವ ವೃತ್ರನ ಮೇಲೆ. ಗೆದ್ದ ಇಂದ್ರನಿಗೆ ಬ್ರಹ್ಮಹತ್ಯೆಯ ಪಾಪ ಬೆನ್ನುಹತ್ತಿತು. ಕೊಡುವವನ ದೊಡ್ಡತನ, ಶತ್ರುವಿನೊಳಗಿನ ಭಕ್ತಿ, ಗೆದ್ದವನ ಪಾಪಪ್ರಜ್ಞೆ ಎಲ್ಲವೂ ಆ ಕಥೆಯಲ್ಲಿವೆ. ವಜ್ರ ಎಂದರೆ ವಿದ್ಯುತ್ ಸಿಡಿತ, ವೃತ್ರ ಎಂದರೆ ಧೂಮಕೇತು ಎಂದ ಕೂಡಲೇ ಕಥೆಯಲ್ಲಿ ಬೆಳಕೊಂದು ಉಳಿಯುತ್ತದೆ, ದಧೀಚಿ ಕಾಣೆಯಾಗುತ್ತಾನೆ. ಪುರಾಣವನ್ನು ನಿಜಮಾಡಲು ಹೊರಟವರು ಅದರ ಜೀವವನ್ನೇ ತೆಗೆದಿರುತ್ತಾರೆ.

ದೇವದುರ್ಗ, ಮಾನ್ವಿಯ ಜನಕ್ಕೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಬ್ಯಾಗವಟದ ಶ್ರೀನಿವಾಸಾಚಾರ್ಯರು ಸಂಸ್ಕೃತದ ದೊಡ್ಡ ಪಂಡಿತರು. ಕನ್ನಡದಲ್ಲಿ ಹಾಡುತ್ತಿದ್ದ ಚೀಕಲಪರವಿಯ ವಿಜಯದಾಸರು ಊಟಕ್ಕೆ ಕರೆದಾಗ, ಹೊಟ್ಟೆನೋವೆಂದು ನೆಪ ಹೇಳಿ ಹೋಗಲಿಲ್ಲವಂತೆ. ನೆಪ ನಿಜವಾಗಿ, ರೋಗ ಪ್ರಾಣಕ್ಕೇ ಬಂತು. ಕೊನೆಗೆ ಅವರು ತಲೆಬಾಗಿ ಬಂದಾಗ ವಿಜಯದಾಸರು ತಮ್ಮ ಶಿಷ್ಯ, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲೇ ನಲವತ್ತು ವರ್ಷ ತೆಗೆದು ಅವರಿಗೆ ಕೊಟ್ಟರು. ಹಾಗೆ ಬದುಕಿ ಉಳಿದವರು ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ ಬರೆದರು. ಈ ಐತಿಹ್ಯವನ್ನು ಹೇಳುವ ಮಾನ್ವಿಯ ಮುದುಕಮ್ಮನನ್ನು, ಆಯುಷ್ಯ ಒಬ್ಬರಿಂದ ಒಬ್ಬರಿಗೆ ಯಾವ ವಿದ್ಯುತ್ ತರಂಗದಲ್ಲಿ ಹರಿಯಿತು ಎಂದು ಯಾರಾದರೂ ಕೇಳುತ್ತಾರೆಯೇ? ಕಥೆ ಹೇಳುವುದು ಪಾಂಡಿತ್ಯದ ಸೊಕ್ಕನ್ನೂ ಕೊಡುವವನ ಮನಸ್ಸನ್ನೂ ಕುರಿತು. ವೆಲಿಕೋವ್‌ಸ್ಕಿಯನ್ನು ತುಚ್ಛವಾಗಿ ಕಂಡ ಪಂಡಿತರಿಗೂ ಅದರಲ್ಲಿ ಪಾಠವಿದೆ, ಪುರಾಣಕ್ಕೆ ಪ್ರಯೋಗಶಾಲೆಯ ಮೊಹರು ಹುಡುಕುವವರಿಗೂ ಇದೆ.

ದಧೀಚಿ ಯಾರು ಎಂಬ ಪ್ರಶ್ನೆಯನ್ನು ಬಿಡದೆ ಹಿಡಿದರೆ ಅದು ನಮ್ಮ ಮನೆಯ ಸ್ವಿಚ್ಚಿನವರೆಗೂ ಬರುತ್ತದೆ. ಕೃಷ್ಣೆಯ ದಡದ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರದ (ಆರ್‌ಟಿಪಿಎಸ್) ಮೊದಲ ಘಟಕ 1985ರಲ್ಲಿ ಶುರುವಾಯಿತು. ಎಂಟು ಘಟಕ ಸೇರಿ ಅದರ ಸಾಮರ್ಥ್ಯ 1,720 ಮೆಗಾವಾಟ್. ಪಕ್ಕದ ಯರಮರಸ್‌ನಲ್ಲಿ 800 ಮೆಗಾವಾಟಿನ ಇನ್ನೆರಡು ಘಟಕಗಳಿವೆ. ರಾಜ್ಯದ ಊರೂರಿಗೂ ಬೆಳಕು ಹರಿಯುತ್ತದೆ. ಹಾರುಬೂದಿ ಇಲ್ಲಿಯೇ ಬೀಳುತ್ತದೆ. ಇಷ್ಟು ಬೆಳಕು ಕೊಟ್ಟ ರಾಯಚೂರು, 2018ರಲ್ಲಿ ಕೇಂದ್ರ ಸರ್ಕಾರ ಹಿಂದುಳಿದವೆಂದು ಗುರುತಿಸಿ ‘ಮಹತ್ವಾಕಾಂಕ್ಷೆಯ ಜಿಲ್ಲೆ’ ಎಂಬ ಹೆಸರು ಕೊಟ್ಟ ಪಟ್ಟಿಯಲ್ಲಿ ಯಾದಗಿರಿಯ ಜೊತೆ ಸೇರಿದೆ. ದೂರದ ಗ್ರಹಗಳ ನಡುವೆ ವಿದ್ಯುತ್ ಹರಿಯಿತೇ ಎಂದು ತಲೆ ಕೆಡಿಸಿಕೊಳ್ಳುವವನು, ತನ್ನ ಕೋಣೆಯ ವಿದ್ಯುತ್ತಿಗೆ ಯಾರ ಹೊಲ, ಯಾರ ಉಸಿರು ಎಲುಬಾಯಿತು ಎಂದು ಒಮ್ಮೆಯಾದರೂ ಕೇಳಬೇಕು. ಪುರಾಣ ನಮ್ಮಿಂದ ಕೇಳುವುದು ಇದನ್ನೇ.

ಇನ್ನು ಸಿಡಿಲು. ದೇವದುರ್ಗ, ಮಾನ್ವಿಯ ಎರೆಹೊಲದಲ್ಲಿ ಅದು ಸಿದ್ಧಾಂತವಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಮೋಡ ಕಟ್ಟಿ ಗಾಳಿ ಎದ್ದರೆ ಬಟಾಬಯಲಿನಲ್ಲಿ ನಿಂತ ಒಂದೇ ಒಂದು ಬೇವಿನ ಮರದ ಕಡೆಗೆ ಕೂಲಿಯವರು ಓಡುತ್ತಾರೆ, ಕುರಿಗಾಹಿ ತನ್ನ ಹಿಂಡನ್ನೂ ಅಲ್ಲಿಗೇ ಹೊಡೆಯುತ್ತಾನೆ. ಗುಡುಗಿದರೆ ಅರ್ಜುನ, ಫಲ್ಗುಣ ಎಂದು ಜಪಿಸುತ್ತಾರೆ. ಸಿಡಿಲು ಹುಡುಕುವುದೂ ಆ ಎತ್ತರದ ಮರವನ್ನೇ. ಮರದಿಂದ ಪಕ್ಕದವರ ಮೈಗೆ ಹಾರುತ್ತದೆ, ನೆಲದಲ್ಲಿ ಹರಡಿ ನಾಲ್ಕು ಕಾಲಿನ ಕುರಿಗಳನ್ನು ಸಾಲಾಗಿ ಕೆಡವುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಮಂದಿ. ಅರ್ಜುನನ ಹೆಸರು ಹೇಳುವ ಆ ತಾಯಿಯ ಧೈರ್ಯವನ್ನು ಕಿತ್ತುಕೊಳ್ಳಬೇಕಿಲ್ಲ. ಹೆಸರು ಹೇಳುತ್ತಲೇ ಅವಳು ಮರ ಬಿಟ್ಟು ಪಕ್ಕಾ ಮನೆಯ ಕಡೆ ನಡೆಯಬೇಕು. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸುವಷ್ಟೂ ಬಿಡುವಿಲ್ಲವೆಂದರೆ ಸಿಡಿಲು ಹತ್ತಿರದಲ್ಲೇ ಇದೆ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಕಳೆಯುವವರೆಗೆ ಹೊಲಕ್ಕೆ ಮರಳಬಾರದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್, ಪುಣೆಯ ಹವಾಮಾನ ವಿಜ್ಞಾನಿಗಳ ‘ದಾಮಿನಿ’ ಆ್ಯಪ್ ಮುನ್ಸೂಚನೆ ಕೊಡಲೆಂದೇ ಬಂದಿವೆ. ಆದರೆ ಹತ್ತಿ ಬಿಡಿಸುವ, ನೆಲ್ಲು ನಾಟಿ ಮಾಡುವ ಎಷ್ಟು ಹೆಣ್ಣುಮಕ್ಕಳ ಕೈಯಲ್ಲಿ ಅದನ್ನು ತೋರಿಸುವ ಮೊಬೈಲ್ ಇದೆ?

ಮೊಬೈಲ್ ಇರುವುದು ಆ ಕಾಲೇಜು ಹುಡುಗನ ಕೈಯಲ್ಲಿ. ಅವನಿಗೆ ನಾನು ಹೇಳುವುದಿಷ್ಟು: ನಿನ್ನ ಬೆರಗು ದೊಡ್ಡದು ತಮ್ಮಾ, ಅದನ್ನು ಬಿಡಬೇಡ. ಆಕಾಶ ಹೇಗೆ ನಡೆಯುತ್ತದೆ ಎಂದು ಅಳೆಯುವವರನ್ನು ಕೇಳು. ತಮ್ಮ ಲೆಕ್ಕದ ತಪ್ಪನ್ನು ತಾವೇ ತೋರಿಸುವವರನ್ನು ಮಾತ್ರ ನಂಬು. ಆಕಾಶದ ಕೆಳಗೆ ಹೇಗೆ ಬದುಕಬೇಕು ಎಂದು ನಿನ್ನ ಅಜ್ಜಿಯ ಕಥೆಯನ್ನು ಕೇಳು. ಆ ಕಥೆಗೆ ಅಮೆರಿಕದವರ ಸಹಿ ಬೇಡ. ನಿನ್ನ ಓಣಿಯಿಂದ ಹೊಲಕ್ಕೆ ಹೋಗುವ ಹತ್ತು ಜನರಿಗೆ ಸಿಡಿಲಿನಿಂದ ಉಳಿಯುವ ದಾರಿ ಕಲಿಸಿದರೆ, ವಜ್ರಾಯುಧ ನಿಜವೋ ಸುಳ್ಳೋ ಎಂದು ನೀನು ಯಾರನ್ನೂ ಕೇಳಬೇಕಾಗಿಲ್ಲ.