ನಿತ್ಯರೇಖೆ

ನವರಾತ್ರಿಯಲ್ಲಿ ಮೂಲಾ ನಕ್ಷತ್ರದಂದು ಶಾರದೆಯ ಆವಾಹನೆ. ಮಣೆಯ ಮೇಲೆ ಮಡಿವಸ್ತ್ರವನ್ನು ಹಾಸಿ, ಮನೆಯಲ್ಲಿರುವ ಗ್ರಂಥಗಳನ್ನು ಅಡಕಿ, ಅರಿಶಿನ ಕುಂಕುಮಗಳನ್ನೇರಿಸಿ, ಶ್ರವಣ ನಕ್ಷತ್ರದಂದು ವಿಸರ್ಜನೆಯಾಗುವವರೆಗೆ ಯಾರೂ ಅವುಗಳನ್ನು ಮುಟ್ಟಬಾರದೆಂಬ ಕಟ್ಟಳೆಯನ್ನು ಮಹಾನಗರಗಳ ಎರಡು ಕೋಣೆಯ ಮನೆಗಳಲ್ಲಿಯೂ ಕನ್ನಡಿಗರು ಉಳಿಸಿಕೊಂಡು ಬಂದಿದ್ದಾರೆ. ಗ್ರಂಥಗಳ ಪಕ್ಕದಲ್ಲಿ ವೀಣೆಯೋ ಪಿಟೀಲೋ ಇರುವುದುಂಟು. ಚಿತ್ರ ಬರೆಯುವವರಿರುವ ಮನೆಯಾದರೆ ಒಂದು ಕುಂಚ, ಒಂದು ಪೆನ್ಸಿಲು, ಬಣ್ಣದ ಪೆಟ್ಟಿಗೆ. ಮಕ್ಕಳಿಗೆ ಇದು ಓದಿನಿಂದ ದೊರೆತ ಬಿಡುಗಡೆ. ಆದರೆ ದಿನಕ್ಕೊಂದು ಚಿತ್ರವನ್ನು ಬರೆದೇ ತೀರುವೆನೆಂದು ಸಂಕಲ್ಪಿಸಿ, ಆರು ತಿಂಗಳು ತಪ್ಪದೆ ನಡೆಸಿಕೊಂಡು ಬಂದವನಿಗೆ ಇದೊಂದು ಧರ್ಮಸಂಕಟವೇ ಸರಿ. ದೇವಿಯ ಮುಂದಿಟ್ಟ ಪೆನ್ಸಿಲನ್ನು ಮುಟ್ಟುವಂತಿಲ್ಲ, ಮುಟ್ಟದಿದ್ದರೆ ವ್ರತಭಂಗ. ಅಂಗಡಿಯಿಂದ ಇನ್ನೊಂದು ಪೆನ್ಸಿಲು ತಂದರಾಯಿತೆಂಬ ಉಪಾಯ ಸುಲಭವಾದದ್ದು. ಆದರೆ ಅದು ಕಟ್ಟಳೆಯ ಅಕ್ಷರವನ್ನು ಉಳಿಸಿ ಅರ್ಥವನ್ನು ಕಳೆದಂತೆ.

ಚಿಕ್ಕ ಪ್ರಶ್ನೆಯೆಂದು ತೋರಬಹುದು. ಆದರೂ ಇದನ್ನು ಹಿಡಿದು ಹೊರಟರೆ, ನಿತ್ಯವೂ ಮಾಡುವ ಕೆಲಸಕ್ಕೂ ಅದರ ಫಲಕ್ಕೂ ಇರುವ ನಂಟೇನು ಎಂಬ ಹಳೆಯ ಜಿಜ್ಞಾಸೆಗೆ ಬಂದು ನಿಲ್ಲಬೇಕಾಗುತ್ತದೆ.

ಮೀಮಾಂಸಕರು ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ವಿಂಗಡಿಸಿದರು. ಒಂದು ಫಲವನ್ನು ಬಯಸಿ ಮಾಡುವುದು ಕಾಮ್ಯ. ಆ ಫಲ ಬೇಡವಾದವನು ಅದನ್ನು ಬಿಡಬಹುದು. ನಿತ್ಯಕರ್ಮವನ್ನು ಹಾಗೆ ಬಿಡುವಂತಿಲ್ಲ; ಮಾಡಿದರೆ ವಿಶೇಷ ಫಲವಿಲ್ಲ, ಬಿಟ್ಟರೆ ಪ್ರತ್ಯವಾಯವೆಂಬ ದೋಷ ಮಾತ್ರ ಉಂಟೆಂದು ಅನೇಕರ ಮತ. ಈ ಮಾತು ಲೌಕಿಕರಿಗೆ ವಿಚಿತ್ರವಾಗಿ ಕೇಳಿಸುವುದು ಸಹಜ. ಫಲವೇ ಇಲ್ಲದ್ದನ್ನು ದಿನವೂ ಮಾಡುವವರಾರು? ಆದರೆ ಚಿತ್ರಾಭ್ಯಾಸವನ್ನು ಕೈಗೊಂಡು ಒಂದೆರಡು ವರ್ಷ ಕಳೆದವರಿಗೆ ಇದರ ಮರ್ಮ ತಾನಾಗಿ ತಿಳಿಯುತ್ತದೆ.

ಅಭ್ಯಾಸವು ಮೊದಲಾಗುವುದು ಕಾಮ್ಯವಾಗಿಯೇ. ಗೆರೆ ಚೆನ್ನಾಗಿ ಬರಬೇಕು, ಬರೆದ ಮುಖ ಆ ವ್ಯಕ್ತಿಯದೇ ಎಂದು ನಾಲ್ವರು ಗುರುತಿಸಬೇಕು. ಮೊದಲ ಕೆಲವು ವಾರಗಳಲ್ಲಿ ಕೈ ಬೇಗ ಸುಧಾರಿಸುತ್ತದೆ. ಅನಂತರ ತಿಂಗಳುಗಟ್ಟಲೆ ಏನೂ ಆಗದು. ಇಷ್ಟೇ ಅಲ್ಲ, ಮೊದಲಿಗಿಂತ ಕೆಟ್ಟಿತೆಂದೇ ತೋರುತ್ತದೆ. ಕೈ ಕೆಟ್ಟಿರುವುದಿಲ್ಲ, ಕಣ್ಣು ಕೈಗಿಂತ ಮುಂದೆ ಹೋಗಿರುತ್ತದೆ. ನಿನ್ನೆ ಕಾಣದಿದ್ದ ತಪ್ಪು ಇಂದು ಕಾಣುತ್ತದೆ. ಬೆಳವಣಿಗೆಯೇ ಅವನತಿಯ ವೇಷ ಧರಿಸಿ ಬರುವ ಈ ಘಟ್ಟದಲ್ಲಿಯೇ ಬಹುಮಂದಿ ಪುಸ್ತಕವನ್ನು ಮುಚ್ಚಿಡುತ್ತಾರೆ. ಕಾಮನೆ ಬಳಲಿದಾಗ ಕಾಮ್ಯಕರ್ಮ ನಿಂತುಹೋಗುವುದು ನ್ಯಾಯವೇ ತಾನೆ. ಮುಂದುವರಿದವನ ಅಭ್ಯಾಸವಾದರೋ ಅವನಿಗೇ ತಿಳಿಯದಂತೆ ಕಾಮ್ಯದಿಂದ ನಿತ್ಯಕ್ಕೆ ಸರಿದಿರುತ್ತದೆ. ಪತಂಜಲಿಯು ಅಭ್ಯಾಸಕ್ಕೆ ದೀರ್ಘಕಾಲ, ನೈರಂತರ್ಯ, ಆದರ ಎಂಬ ಮೂರು ಅಂಗಗಳನ್ನು ಹೇಳುವಾಗ ಮೂರನೆಯದನ್ನು ಕೈಬಿಟ್ಟಿಲ್ಲವೆಂಬುದು ಗಮನಾರ್ಹ. ಆದರವಿಲ್ಲದ ನೈರಂತರ್ಯ ಗಾಣದೆತ್ತಿನದು.

ಯಾವುದರ ಮೇಲಿನ ಆದರ? ಇಲ್ಲಿ ಚಿತ್ರಕಲೆಯ ಒಳಗುಟ್ಟನ್ನು ಸ್ವಲ್ಪ ನೋಡಬೇಕು. ಎದುರಿಗಿರುವ ಪಂಚಪಾತ್ರೆಯನ್ನು ಬರೆಯೆಂದರೆ ಹೊಸಬನು ಅದರ ಬಾಯಿಯನ್ನು ದುಂಡಗೆ ಬರೆದು, ಬುಡಕ್ಕೆ ನೇರವಾದ ಗೆರೆಯೆಳೆಯುತ್ತಾನೆ. ಕುಳಿತವನ ಕಣ್ಣಿಗೆ ಕಾಣುವುದು ಹಾಗಲ್ಲ. ಬಾಯಿ ಚಪ್ಪಟೆಯಾದ ಅಂಡಾಕಾರ. ಬುಡವು ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿರುವುದರಿಂದ ಅದರ ಬಾಗು ಬಾಯಿಯ ಬಾಗಿಗಿಂತ ಹೆಚ್ಚು. ಬಾಯಿ ದುಂಡಗಿದೆ, ಬುಡ ನೆಲದ ಮೇಲೆ ಸಮನಾಗಿ ಕೂತಿದೆ ಎಂದು ಅವನ ಬುದ್ಧಿಗೆ ಗೊತ್ತು. ಕೈ ಬರೆದದ್ದು ಆ ಗೊತ್ತಿರುವುದನ್ನು, ಕಂಡದ್ದನ್ನಲ್ಲ. ಮುಖದ ವಿಷಯವೂ ಹೀಗೆಯೇ. ತಲೆಯ ನೆತ್ತಿಯಿಂದ ಗದ್ದದವರೆಗಿನ ಅಳತೆಯಲ್ಲಿ ಕಣ್ಣುಗಳಿರುವುದು ಸುಮಾರು ನಟ್ಟನಡುವೆ. ಹೊಸಬರೆಲ್ಲರೂ ಅವನ್ನು ಬಹಳ ಮೇಲೆ ಬರೆಯುತ್ತಾರೆ. ಏಕೆಂದರೆ ಮನಸ್ಸಿಗೆ ಹಣೆಯೂ ನೆತ್ತಿಯೂ ಮುಖ್ಯವಲ್ಲ. ಬುದ್ಧಿ ಸುಳ್ಳು ಹೇಳುತ್ತದೆಯೆಂದಲ್ಲ. ಸಂಸಾರದ ವ್ಯವಹಾರಕ್ಕೆ ಅದರ ಸಂಕ್ಷೇಪವೇ ಸಾಕು. ಆದರೆ ಆ ಸಂಕ್ಷೇಪವನ್ನೇ ದರ್ಶನವೆಂದು ಭ್ರಮಿಸಿ ಮನುಷ್ಯನು ಆಯುಷ್ಯವನ್ನು ಕಳೆಯುತ್ತಾನೆ.

ದಿನವೂ ಬರೆಯುವವನು ಒಂದು ಸಂಜೆ, ಬೇರೇನೂ ಸಿಕ್ಕದೆ, ಹೂಕಟ್ಟುತ್ತ ಕುಳಿತ ತಾಯಿಯ ಕೈಯನ್ನು ಬರೆಯಲು ತೊಡಗಿದನೆನ್ನಿ. ನಲವತ್ತು ವರ್ಷ ಉಣಬಡಿಸಿದ ಕೈ. ಬೆರಳ ಗೆಣ್ಣುಗಳು ಊದಿವೆ. ಕಿರುಬೆರಳು ಪೂರ್ತಿ ಮಡಿಯುತ್ತಿಲ್ಲ. ಬಳೆ ಮಣಿಕಟ್ಟಿನಲ್ಲಿ ಸಡಿಲವಾಗಿದೆ. ಗೆರೆಯನ್ನು ತಿದ್ದಲೆಂದು ನೋಡಿದವನಿಗೆ ಇದೆಲ್ಲ ಎಂದಿನಿಂದ ಹೀಗಾಯಿತೆಂದು ಹೇಳಲು ತಿಳಿಯದು. ಅಂದಿನ ಚಿತ್ರ ಚೆನ್ನಾಗಿ ಬರದಿರಬಹುದು. ಮರುದಿನ ಅವಳ ಕೈಯಿಂದ ನೀರಿನ ಕೊಡವನ್ನು ಅವನು ತಾನೇ ಇಸಿದುಕೊಂಡರೆ ಆ ಅಭ್ಯಾಸಕ್ಕೆ ಫಲವಿಲ್ಲವೆನ್ನಲಾದೀತೆ?

ಇಲ್ಲಿ ಗೀತೆಯನ್ನು ಬಲ್ಲವರು ಒಂದು ಆಕ್ಷೇಪವನ್ನೆತ್ತಬಹುದು. ಫಲದ ಕಡೆ ನೋಡಬೇಡವೆನ್ನುವುದಾದರೆ ತಿದ್ದಿಕೊಳ್ಳುವುದೆಂತು? ನಿನ್ನೆಯ ಚಿತ್ರವನ್ನು ಪರೀಕ್ಷಿಸದವನು ಅದೇ ತಪ್ಪನ್ನು ಸಾವಿರ ಸಲ ಬರೆದು ಅದರಲ್ಲಿಯೇ ಪಳಗುವನಲ್ಲವೆ? ಆಕ್ಷೇಪ ಗಟ್ಟಿಯಾದದ್ದೇ. ಆದರೆ ತಪ್ಪನ್ನು ನೋಡುವುದು ಬೇರೆ, ಫಲಕ್ಕೆ ಕಾಯುವುದು ಬೇರೆ. ವೈಣಿಕನು ನುಡಿಸುವ ಮೊದಲು ಶ್ರುತಿ ಕೂಡಿಸುತ್ತಾನೆ. ಅದು ಕರ್ಮದ ಒಳಗಿನದು. ಸಭೆ ತಲೆದೂಗುವುದೇ ಎಂದು ಓರೆಗಣ್ಣಿನಿಂದ ನೋಡುವುದು ಹೊರಗಿನದು. ಕರ್ಮದಲ್ಲಿನ ಕೌಶಲವನ್ನೇ ಯೋಗವೆಂದ ಗೀತೆ ತಪ್ಪನ್ನು ತಿದ್ದಬೇಡವೆಂದು ಹೇಳಿರಲಾರದು.

ಜಪಾನಿನ ಚಿತ್ರಕಾರ ಹೊಕುಸಾಯ್ (1760–1849) ಈ ಎರಡನ್ನೂ ಒಂದೇ ಬಾಳಿನಲ್ಲಿ ತೋರಿದವನು. ಎಪ್ಪತ್ತಕ್ಕೆ ಮುಂಚೆ ತಾನು ಬರೆದದ್ದು ಗಣನೆಗೆ ಬಾರದೆಂದೂ, ನೂರು ದಾಟಿದ ಮೇಲೆ ತನ್ನ ಪ್ರತಿಯೊಂದು ಚುಕ್ಕೆಗೆ ಜೀವ ಬಂದೀತೆಂದೂ 1834ರಲ್ಲಿ ಅವನು ಬರೆದುಕೊಂಡ. ಇದಕ್ಕಿಂತ ದೊಡ್ಡ ಆಸೆ ಯಾರಿಗಿದ್ದೀತು! ಅದೇ ಹೊಕುಸಾಯ್ ಎಂಬತ್ತು ದಾಟಿದ ಮೇಲೆ, 1842-43ರಲ್ಲಿ, ಅನಿಷ್ಟ ಪರಿಹಾರಕ್ಕಾಗಿ ಬೆಳಗಿಗೊಂದರಂತೆ ಸಿಂಹದ ಚಿತ್ರವನ್ನು ಬರೆಯುತ್ತಿದ್ದ. ಬರೆದೊಡನೆ ಮುದುರಿ ಹೊರಗೆ ಎಸೆದುಬಿಡುತ್ತಿದ್ದನಂತೆ, ಮಗಳು ಆಯ್ದಿಡುತ್ತಿದ್ದಳಂತೆ. ಇನ್ನೂರಕ್ಕೂ ಹೆಚ್ಚು ಹಾಳೆಗಳು ಉಳಿದುಬಂದಿವೆ. ಎಸೆಯುವುದಕ್ಕೆಂದು ಬರೆದ ಸಿಂಹದ ಬಾಲದಲ್ಲಿಯೂ ಅವನು ಗೆರೆಯನ್ನು ಅಸಡ್ಡೆ ಮಾಡಿಲ್ಲ. ಇದರಲ್ಲಿ ಆಶ್ಚರ್ಯಪಡಬೇಕಾದ ಅಗತ್ಯ ಕನ್ನಡಿಗರಿಗಿಲ್ಲ. ಬೆಳಗ್ಗೆ ಹೊಸಲ ಮುಂದೆ ಚುಕ್ಕೆಯಿಟ್ಟು ಎಳೆಯುವ ರಂಗೋಲಿ ಮಧ್ಯಾಹ್ನದೊಳಗೆ ಅಳಿಸಿಹೋಗುವುದೆಂದು ತಿಳಿದೂ, ಒಂದು ಚುಕ್ಕೆ ತಪ್ಪಿದರೆ ಒರೆಸಿ ಮತ್ತೆ ಇಡುವ ಅಜ್ಜಿಯರನ್ನು ಯಾರು ಕಂಡಿಲ್ಲ?

ಮಹಾನಗರದಲ್ಲಿ ಹೊತ್ತೆಲ್ಲಿದೆ ಎಂಬುದು ನಿಜವಾದ ಕಷ್ಟ. ಅದನ್ನು ಉಪದೇಶದಿಂದ ಹಾರಿಸಲಾಗದು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ನೆಲೆನಿಂತು, 1996ರಲ್ಲಿ ತೀರಿಕೊಂಡ ಕೆ. ಕೆ. ಹೆಬ್ಬಾರರು ರೇಖೆಗೆ ಲಯವನ್ನು ತರಲೆಂದು ಕಥಕ್ ನೃತ್ಯವನ್ನೇ ಅಭ್ಯಾಸಮಾಡಿದವರು; ‘ಹಾಡುವ ರೇಖೆ’ ಎಂಬರ್ಥದ ಹೆಸರು ಅವರ ರೇಖಾಚಿತ್ರಗಳ ಸಂಪುಟಕ್ಕೆ ಸುಮ್ಮನೆ ಬಂದುದಲ್ಲ. ಅಷ್ಟು ಎಲ್ಲರಿಗೂ ಸಾಧ್ಯವಿಲ್ಲ. ಲೋಕಲ್ ರೈಲಿನಲ್ಲಿ ನಿಂತು ಬರುವ ಗುಮಾಸ್ತನಿಗೆ ರಾತ್ರಿ ಊಟವಾದ ಮೇಲೆ ಕಾಲುಗಂಟೆ ಉಳಿದರೆ ಅದೇ ಹೆಚ್ಚು. ಹೆಂಡತಿ ಪಾತ್ರೆ ತೊಳೆಯುತ್ತಿರುವಾಗ ತಾನು ಕಲೋಪಾಸನೆಗೆ ಕೂರುವುದು ಧರ್ಮವೇ ಎಂಬ ಪ್ರಶ್ನೆಯೂ ಆ ಕಾಲುಗಂಟೆಯೊಳಗೆ ಸೇರಿದೆ. ಪಾತ್ರೆಯನ್ನು ಒರೆಸಿಟ್ಟ ಮೇಲೆ ಬರೆದ ಐದು ನಿಮಿಷದ ಗೆರೆ, ಒರೆಸದೆ ಬರೆದ ಒಂದು ಗಂಟೆಯ ಚಿತ್ರಕ್ಕಿಂತ ಶುದ್ಧವಾದದ್ದು.

ಹಾಗಾದರೆ ತಪ್ಪಿದ ದಿನದ ಗತಿಯೇನು? ಜ್ವರ ಬರುತ್ತದೆ, ಊರಿನಿಂದ ನೆಂಟರು ಬರುತ್ತಾರೆ, ಸಾವಿನ ಸುದ್ದಿ ಬರುತ್ತದೆ. ಒಂದು ದಿನ ಬಿಟ್ಟವನು ಹೇಗೂ ವ್ರತ ಕೆಟ್ಟಿತೆಂದು ಹತ್ತು ದಿನ ಬಿಡುತ್ತಾನೆ. ಅಭ್ಯಾಸಗಳು ಸಾಯುವುದು ಬಹುಮಟ್ಟಿಗೆ ಸೋಮಾರಿತನದಿಂದಲ್ಲ, ಇಂಥ ಅಭಿಮಾನಭಂಗದಿಂದ. ಶಾಸ್ತ್ರಕಾರರು ಇವನಿಗಿಂತ ದಯಾಳುಗಳು. ಸಂಧ್ಯಾಕಾಲ ಮೀರಿದರೆ ಪ್ರಾಯಶ್ಚಿತ್ತಾರ್ಘ್ಯವೆಂದು ಒಂದು ಅರ್ಘ್ಯವನ್ನು ಹೆಚ್ಚು ಕೊಟ್ಟು ಮುಂದಿನದನ್ನು ನಡೆಸೆಂದರು. ಒಂದೇ ಒಂದು ಉದ್ಧರಣೆ ನೀರು. ಬಿಟ್ಟದ್ದಕ್ಕೆ ಲೆಕ್ಕವಿದೆ, ಆದರೆ ಆ ಲೆಕ್ಕದಲ್ಲಿಯೇ ಮುಳುಗಿ ಕೂರಲು ಎಡೆಯಿಲ್ಲ.

ಶಾರದೆಯ ಮುಂದೆ ಪೆನ್ಸಿಲನ್ನಿಟ್ಟ ದಿನಗಳಾದರೋ ತಪ್ಪಿದ ದಿನಗಳೂ ಅಲ್ಲ. ಆರು ತಿಂಗಳ ನೈರಂತರ್ಯ ತನ್ನದೆಂದು ಬೀಗತೊಡಗಿದ ಕೈಯಿಂದ ಆಕೆ ಉಪಕರಣವನ್ನು ತೆಗೆದಿಟ್ಟುಕೊಂಡಿದ್ದಾಳೆ, ಅಷ್ಟೆ. ಕಣ್ಣನ್ನು ಯಾರೂ ಮಣೆಯ ಮೇಲೆ ಇಟ್ಟಿಲ್ಲ. ಮಂಗಳಾರತಿಯ ಬೆಳಕು ಕಲಶದ ಉಬ್ಬಿನ ಮೇಲೆ ಹೇಗೆ ಜಾರುತ್ತದೆ, ಮಾವಿನೆಲೆಯ ನೆರಳು ತೆಂಗಿನಕಾಯಿಯ ಮೇಲೆ ಎಲ್ಲಿ ಮುರಿಯುತ್ತದೆ ಎಂದು ನೋಡುವುದಕ್ಕೆ ಅಡ್ಡಿಯಿಲ್ಲ. ವಿಜಯದಶಮಿಯಂದು ಮನೆಯ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬೆರಳು ಹಿಡಿದು, ಹರಿವಾಣದಲ್ಲಿ ಹರಡಿದ ಅಕ್ಕಿಯ ಮೇಲೆ ಮೊದಲ ಅಕ್ಷರವನ್ನು ಬರೆಯಿಸುತ್ತಾರೆ. ಆ ಹೊತ್ತಿಗೆ ಪೆನ್ಸಿಲು ಮಣೆಯಿಂದ ಇಳಿದಿರುತ್ತದೆ, ತುದಿಗೆ ಇನ್ನೂ ಕುಂಕುಮ ಅಂಟಿರುತ್ತದೆ.