ಒಂದು ಹಡಗು, ಎರಡು ಧ್ವಜ

1889ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಸ್ಪಿಟ್‌ಹೆಡ್‌ನಲ್ಲಿ ಯುದ್ಧನೌಕೆಗಳ ಭಾರೀ ಪ್ರದರ್ಶನ ನಡೆಯಿತು. ಟ್ಯೂಟಾನಿಕ್ ಎಂಬ ಹೊಸ ಪ್ರಯಾಣಿಕ ಹಡಗೂ ಫಿರಂಗಿ ಹೊತ್ತು ಅಲ್ಲಿತ್ತು. ಯುದ್ಧ ಬಂದರೆ ಅದು ನೌಕಾಪಡೆಯ ಮೀಸಲು ಹಡಗು ಎಂಬುದು ಒಪ್ಪಂದ. ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಅದನ್ನು ಹತ್ತಿ ನೋಡಿದ. ಬಳಿಕ ಫಿರಂಗಿಗಳನ್ನು ಕಳಚಿದರು; ಅದೇ ತಿಂಗಳು ಹಡಗು ಪ್ರಯಾಣಿಕರೊಂದಿಗೆ ನ್ಯೂಯಾರ್ಕಿಗೆ ಹೊರಟಿತು.

ಇಂಥ ಸಮಾರಂಭಗಳ ಸಡಗರದಲ್ಲಿ ನಾವು ಒಂದು ಪ್ರಶ್ನೆಯನ್ನು ಮರೆಯುತ್ತೇವೆ. ಟಿಕೆಟ್ ಕೊಂಡು ಹತ್ತಿದವನು ಯಾರ ಹಡಗಿನಲ್ಲಿದ್ದಾನೆ? ಕಂಪೆನಿಯದೋ, ಸೈನ್ಯದ್ದೋ?

ಲುಸಿಟಾನಿಯಾ ಮತ್ತು ಅದರ ಜೊತೆ ಹಡಗನ್ನು ಕಟ್ಟಲು ಬ್ರಿಟಿಷ್ ಸರಕಾರ 26 ಲಕ್ಷ ಪೌಂಡ್ ಸಾಲ ನೀಡಿತ್ತು. ಬೇಕೆಂದಾಗ ಅವನ್ನು ನೌಕಾಪಡೆಗೆ ಒಪ್ಪಿಸಬೇಕೆಂಬುದು ಷರತ್ತು. 1914ರಲ್ಲಿ ಯುದ್ಧ ಬಂದರೂ ಲುಸಿಟಾನಿಯಾ ಪ್ರಯಾಣಿಕರನ್ನೇ ಸಾಗಿಸುತ್ತಿತ್ತು. 1915ರ ಮೇ 7ರಂದು ಜರ್ಮನ್ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿ ಸುಮಾರು 18 ನಿಮಿಷಗಳಲ್ಲಿ ಮುಳುಗಿತು. ಸುಮಾರು 1,200 ಮಂದಿ ಸತ್ತರು. ಅದರ ಮೇಲೆ ಫಿರಂಗಿ ಇರಲಿಲ್ಲ. ಆದರೆ ಸರಕಿನಲ್ಲಿ ಲಕ್ಷಾಂತರ ಬಂದೂಕಿನ ತೋಟಾಗಳಿದ್ದವು.

ತೋಟಾಗಳಿದ್ದವೆಂಬ ಕಾರಣಕ್ಕೆ ಹಸುಗೂಸುಗಳನ್ನು ಮುಳುಗಿಸಿದವರ ಅಪರಾಧ ಕಡಿಮೆಯಾಗುವುದಿಲ್ಲ. ಆ ಕೂಸುಗಳು ಯಾವ ಒಪ್ಪಂದಕ್ಕೂ ಸಹಿ ಹಾಕಿರಲಿಲ್ಲ. ಹಾಗೆಂದು, ತೋಟಾಗಳ ಮೇಲೆ ಜನರನ್ನು ಕೂರಿಸಿ ಕಳಿಸಿದವರೂ ಕೈ ತೊಳೆದುಕೊಳ್ಳುವಂತಿಲ್ಲ.

1907ರ ಹೇಗ್ ಒಪ್ಪಂದ ಒಂದು ನಿಯಮ ಮಾಡಿತ್ತು: ವ್ಯಾಪಾರಿ ಹಡಗನ್ನು ಯುದ್ಧನೌಕೆಯಾಗಿ ಮಾರ್ಪಡಿಸಿದರೆ ಅದಕ್ಕೆ ಯುದ್ಧನೌಕೆಯ ಗುರುತಿರಬೇಕು, ಸರಕಾರ ನೇಮಿಸಿದ ಅಧಿಕಾರಿ ಇರಬೇಕು, ಬೇಗನೆ ಅದನ್ನು ಯುದ್ಧನೌಕೆಗಳ ಪಟ್ಟಿಯಲ್ಲಿ ಪ್ರಕಟಿಸಬೇಕು. ಹಾಗೆ ನೋಡಿದರೆ ಧ್ವಜ ಬದಲಿಸುವ ಸಮಾರಂಭ ಬರೀ ಆಡಂಬರವಲ್ಲ. ‘ಇನ್ನು ಇದು ಹೋರಾಡುವ ಹಡಗು’ ಎಂದು ಶತ್ರುವಿಗೂ ಪ್ರಯಾಣಿಕನಿಗೂ ಹೇಳುವ ಸತ್ಯ ಅದು.

1931ರಲ್ಲಿ ಗಾಂಧೀಜಿಯನ್ನು ದುಂಡುಮೇಜಿನ ಪರಿಷತ್ತಿಗಾಗಿ ಮುಂಬಯಿಯಿಂದ ಕರೆದೊಯ್ದ ರಾಜಪುತಾನಾ ಹಡಗು ಎರಡನೇ ಮಹಾಯುದ್ಧದಲ್ಲಿ ಫಿರಂಗಿ ಹೊತ್ತು ನೌಕಾಪಡೆ ಸೇರಿತು. 1941ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡ್ ಬಳಿಯ ಸಮುದ್ರದಲ್ಲಿ ಟಾರ್ಪೆಡೊಗೆ ಬಲಿಯಾಯಿತು. ಅಹಿಂಸೆಯ ದೂತನನ್ನು ಹೊತ್ತಿದ್ದ ಹಡಗಿಗೆ ಈ ಗತಿ ಬಂದುದು ದುಃಖದ ಸಂಗತಿ. ಆದರೂ ಅದು ತನ್ನ ಹೊಸ ಗುರುತನ್ನು ಮರೆಮಾಚಿರಲಿಲ್ಲ.

ಯುದ್ಧವೇ ಇಲ್ಲದ ಲೋಕ ನಮ್ಮ ಹಾರೈಕೆ. ಅದು ಬರುವ ತನಕ ಇಷ್ಟನ್ನಾದರೂ ಕೇಳೋಣ: ಆಸ್ಪತ್ರೆಯಾಗಲಿ, ಶಾಲೆಯಾಗಲಿ, ಹಡಗಾಗಲಿ, ಜನರನ್ನು ಒಳಗಿಟ್ಟುಕೊಂಡೇ ಅದನ್ನು ಗುಟ್ಟಾಗಿ ಆಯುಧವಾಗಿಸಬೇಡಿ, ಆಯುಧವಿದೆ ಎಂಬ ನೆಪದಲ್ಲಿ ಒಳಗಿರುವ ಜನರನ್ನು ಮರೆಯಲೂಬೇಡಿ.