ಚಳಿಯೂ ರಾಜಧರ್ಮವೂ

ಗೃಹಸ್ಥನ ಭಾಗ್ಯಗಳನ್ನು ಎಣಿಸುವಾಗ ಸರ್ವಜ್ಞನು ತನ್ನ ಸುಪ್ರಸಿದ್ಧವಾದ ತ್ರಿಪದಿಯೊಂದರಲ್ಲಿ, ಚಳಿ ತಗುಲದ ಮನೆಯನ್ನೂ ಖರ್ಚಿಗೆ ಒದಗುವ ಹಣವನ್ನೂ ಎರಡು ಬೇರೆ ಬೇರೆ ಭಾಗ್ಯಗಳಾಗಿ ಹೇಳಿರುವನು. ಒಂದು ಕಂಬಳಿಯಿದ್ದರೆ ಮಾಗಿಯನ್ನು ಕಳೆಯಬಲ್ಲ ನಮಗೆ ಈ ಎರಡರ ಭೇದವು ಅಷ್ಟಾಗಿ ಮನಸ್ಸಿಗೆ ಹೊಳೆಯುವುದಿಲ್ಲ. ಶೀತದೇಶಗಳಲ್ಲಿ ಹಾಗಲ್ಲ. ಅಲ್ಲಿ ಮನೆಯು ಶಾಖವನ್ನು ಹಿಡಿದಿಡದಿದ್ದರೆ ಹಣವೆಲ್ಲವೂ ಉರಿದುಹೋಗುವುದು. ಹಣವಿಲ್ಲದಿದ್ದರೆ ಮನೆಯು ಬೆಚ್ಚಗಾಗದು. ಹೀಗಿರಲು, ಚಳಿಯಲ್ಲಿ ನಡುಗುವ ಪ್ರಜೆಗೆ ಸರ್ಕಾರವು ಕೊಡತಕ್ಕದ್ದು ಹಣವನ್ನೋ ಬೆಚ್ಚಗಿರುವ ಮನೆಯನ್ನೋ? ಇದು ಲೆಕ್ಕದ ಪ್ರಶ್ನೆಯಂತೆ ಕಂಡರೂ ನಿಜವಾಗಿ ಧರ್ಮದ ಪ್ರಶ್ನೆ. ಬ್ರಿಟನ್ ದೇಶವು ಇದಕ್ಕೆ ಕೊಡುತ್ತ ಬಂದಿರುವ ಉತ್ತರಗಳನ್ನು ಪರಿಶೀಲಿಸಿದರೆ ನಮಗೂ ಕೆಲವು ವಿಚಾರಗಳು ತಿಳಿದಾವು.

ಮೊದಲು ಈ ಬಡತನದ ಸ್ವರೂಪವನ್ನು ಅರಿಯಬೇಕು. 1991ರಲ್ಲಿ ಬ್ರೆಂಡಾ ಬೋರ್ಡ್‌ಮನ್ ಎಂಬ ವಿದುಷಿಯು ಇಂಧನದ ಬಡತನವನ್ನು ಕುರಿತು ಒಂದು ಗ್ರಂಥವನ್ನು ಬರೆದರು. ಮನೆಯನ್ನು ತಕ್ಕಷ್ಟು ಬೆಚ್ಚಗಿಡಲು ವರಮಾನದಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಇಂಧನಕ್ಕೆ ಬೇಕಾಗುವ ಸಂಸಾರವು ಈ ಬಡತನಕ್ಕೆ ಸಿಕ್ಕಿರುವುದೆಂದು ಅವರು ಅಳತೆಯಿಟ್ಟರು. ಇಂಗ್ಲೆಂಡಿನಲ್ಲಿ ಈ ಅಳತೆಯನ್ನು 2013ರಲ್ಲಿ ಬದಲಾಯಿಸಿದರೂ, ಅದರ ಒಳಗಿನ ವಿವೇಕವು ಗಮನಾರ್ಹವಾದುದು. ಅಲ್ಲಿ ಕೇಳುವುದು ಎಷ್ಟು ಖರ್ಚಾಯಿತೆಂದಲ್ಲ, ಎಷ್ಟು ಖರ್ಚು ಬೇಕೆಂದು. ಏಕೆಂದರೆ ಬಡವನು ಒಲೆಯನ್ನು ಆರಿಸಿ ಕೋಟು ತೊಟ್ಟು ಕುಳಿತಿರುವನು. ಅವನ ಬಿಲ್ಲು ಚಿಕ್ಕದಾಗಿಯೇ ಬರುವುದು. ಚಿಕ್ಕ ಬಿಲ್ಲನ್ನು ಕಂಡು ಅವನು ಸುಖಿಯೆಂದು ಬಗೆಯುವುದು, ಉಪವಾಸವಿದ್ದವನನ್ನು ಮಿತಾಹಾರಿಯೆಂದು ಹೊಗಳಿದಂತೆ. ಮನೆಯೊಳಗೆ ಕನಿಷ್ಠಪಕ್ಷ 18 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಶೀತದೇಶಗಳಿಗೆ ಸಲಹೆಯಿತ್ತಿತು. ಅಷ್ಟು ಶಾಖವು ಭೋಗವಲ್ಲ, ಆರೋಗ್ಯದ ಅವಶ್ಯಕತೆ.

ಈ ಕಷ್ಟಕ್ಕೆ ಮೊದಲ ಪರಿಹಾರ ಹಣ. 1997ರಿಂದ ಬ್ರಿಟನ್ನಿನ ಸರ್ಕಾರವು ವೃದ್ಧರಿಗೆ ಚಳಿಗಾಲದ ಇಂಧನವೇತನವನ್ನು ಕೊಡತೊಡಗಿತು. ಮುಂದೆ ಅದು ಮನೆಗೆ 200 ಪೌಂಡುಗಳಿಗೂ, 80 ವರ್ಷ ದಾಟಿದವರಿದ್ದರೆ 300 ಪೌಂಡುಗಳಿಗೂ ಏರಿತು. ಬಡವ ಬಲ್ಲಿದರೆನ್ನದೆ ಎಲ್ಲ ವೃದ್ಧರಿಗೂ ಅದು ಸಲ್ಲುತ್ತಿತ್ತು. ಸಿರಿವಂತನಿಗೇಕೆ ಈ ಹಣವೆಂದು ಕೇಳುವವರಿದ್ದರು. ಆ ಪ್ರಶ್ನೆಯು ಅನ್ಯಾಯವಾದುದಲ್ಲ. 2024ರಲ್ಲಿ ಸರ್ಕಾರವು ಈ ವೇತನವನ್ನು ಬಡತನದ ಸಹಾಯ ಪಡೆಯುತ್ತಿದ್ದವರಿಗೆ ಮಾತ್ರ ಮೀಸಲಿಟ್ಟಿತು. 90 ಲಕ್ಷಕ್ಕಿಂತ ಹೆಚ್ಚು ಮಂದಿ ಪಟ್ಟಿಯಿಂದ ಹೊರಬಿದ್ದರು. ಹೊರಬಿದ್ದವರಲ್ಲಿ ಸಿರಿವಂತರಿದ್ದಂತೆಯೇ, ಆ ಸಹಾಯಕ್ಕೆ ಅರ್ಹರಾಗಿದ್ದರೂ ಎಂದೂ ಅರ್ಜಿ ಹಾಕದಿದ್ದ ಬಡವರೂ ಇದ್ದರು. 2025ರಲ್ಲಿ ಸರ್ಕಾರವು ಹಿಂದೆಗೆದು, ವರ್ಷಕ್ಕೆ 35,000 ಪೌಂಡುಗಳವರೆಗೆ ವರಮಾನವುಳ್ಳ ವೃದ್ಧರಿಗೆ ವೇತನವು ಉಳಿಯುವಂತೆ ಮಾಡಿತು. ಇದರಿಂದ ಒಂದು ನೀತಿಯನ್ನು ಗ್ರಹಿಸಬಹುದು: ತನ್ನ ದಾರಿದ್ರ್ಯವನ್ನು ಕಚೇರಿಯಲ್ಲಿ ರುಜುವಾತುಪಡಿಸಿದವನಿಗೆ ಮಾತ್ರ ಕೊಡುವೆನೆನ್ನುವ ದಾನವು, ಬಾಯಿಬಿಟ್ಟು ಬೇಡಲಾರದ ಮಾನವಂತನನ್ನೇ ಮೊದಲು ಕೈಬಿಡುವುದು.

ಆದರೆ ಹಣಕ್ಕೆ ಒಂದು ಮಿತಿಯುಂಟು. ಒಂದನೆಯ ಮಹಾಯುದ್ಧಕ್ಕೆ ಮೊದಲು ಕಟ್ಟಿದ ಮನೆಗಳು ಆ ದೇಶದಲ್ಲಿ ಬಹಳ. ಅವುಗಳ ಇಟ್ಟಿಗೆಯ ಗೋಡೆಗಳೊಳಗೆ ತೆರಪಿಲ್ಲವಾದುದರಿಂದ ಒಳಗಿನ ಶಾಖವು ಹೊರಕ್ಕೆ ಬೇಗ ಹರಿದುಹೋಗುವುದು. 2022ರಲ್ಲಿ ಯುಕ್ರೇನಿನ ಯುದ್ಧದಿಂದ ಅನಿಲದ ಬೆಲೆಯು ವಿಪರೀತವಾಗಿ ಏರಿದಾಗ ಸರ್ಕಾರವು ಮನೆಮನೆಗೂ 400 ಪೌಂಡುಗಳ ರಿಯಾಯಿತಿಯನ್ನಿತ್ತು, ದರಗಳಿಗೂ ಕಟ್ಟು ಹಾಕಿತು. ಅದನ್ನು ತಪ್ಪೆನ್ನಲಾಗದು, ನಡುಗುವವನ ಮುಂದೆ ಗೋಡೆಯ ಶಾಸ್ತ್ರವನ್ನು ಹೇಳುತ್ತ ಕೂರುವುದು ಧರ್ಮವಲ್ಲ. ಆದರೂ ಆ ದ್ರವ್ಯವು ಗೋಡೆಗಳ ಮೂಲಕ ಬೀದಿಗೆ ಹೋಯಿತು. ಮುಂದಿನ ಚಳಿಗಾಲ ಬಂದಾಗ ಗೋಡೆಯು ಇದ್ದಂತೆಯೇ ಇತ್ತು. ಸೋರುವ ಕೊಡಕ್ಕೆ ನೀರು ತುಂಬುವವನು ಎಷ್ಟು ಉದಾರಿಯಾದರೂ ಕೊಡವು ತುಂಬುವುದಿಲ್ಲ.

ಹಾಗಾದರೆ ಕೊಡವನ್ನೇ ಬೆಸೆಯಬೇಕು. ಮಾಡಿನ ಕೆಳಗೂ ಗೋಡೆಗೂ ಶಾಖ ತಡೆಯುವ ಹೊದಿಕೆಯನ್ನು ಹಾಕಿಸಿ, ಸಂದುಗಳನ್ನು ಮುಚ್ಚಿಸುವುದೇ ಎರಡನೆಯ ಪರಿಹಾರ. ಬ್ರಿಟನ್ನಿನ ಪಾರ್ಲಿಮೆಂಟು 2000ದಲ್ಲಿ ಇದಕ್ಕಾಗಿ ಒಂದು ಶಾಸನವನ್ನೇ ಮಾಡಿತು. ಇಂಗ್ಲೆಂಡಿನಲ್ಲಿ 2016ರೊಳಗಾಗಿ ಈ ಬಡತನವನ್ನು ಸಾಧ್ಯವಾದಷ್ಟು ಮಟ್ಟಿಗೆ ತೊಡೆಯುವ ಸಂಕಲ್ಪವಾಯಿತು. ಆ ವರ್ಷವು ಬಂದು ಹೋಯಿತು, ಬಡತನವು ಹೋಗಲಿಲ್ಲ. 2013ರಲ್ಲಿ, ಮನೆಯನ್ನು ಸರಿಪಡಿಸಿಕೊಳ್ಳುವವರಿಗೆ ಸಾಲವನ್ನು ಒದಗಿಸಿ, ವಿದ್ಯುತ್ತಿನ ಬಿಲ್ಲಿನ ಮೂಲಕ ಅದನ್ನು ತೀರಿಸಿಕೊಳ್ಳುವ ಏರ್ಪಾಡೊಂದು ಹೊರಟಿತು. ಸುಮಾರು 14,000 ಮನೆಗಳವರು ಮಾತ್ರ ಅದನ್ನು ತೆಗೆದುಕೊಂಡರು. 2015ರಲ್ಲಿ ಸರ್ಕಾರವು ಹಣ ಕೊಡುವುದನ್ನು ನಿಲ್ಲಿಸಿತು. ಇದರಲ್ಲಿ ಆಶ್ಚರ್ಯವೇನು? ಬಡವನಿಗೆ ಚಳಿಗಿಂತಲೂ ಸಾಲದ ಭಯ ಹೆಚ್ಚು. ಬಾಡಿಗೆಯ ಮನೆಯಲ್ಲಿಯಂತೂ ಗೋಡೆ ಒಬ್ಬನದು, ಚಳಿ ಇನ್ನೊಬ್ಬನದು.

ಇದಕ್ಕಿಂತಲೂ ಶೋಚನೀಯವಾದ ಸಂಗತಿಯೊಂದುಂಟು. ಸರ್ಕಾರದ ಎರಡು ಯೋಜನೆಗಳಲ್ಲಿ ಹೊರಗೋಡೆಗೆ ಹೊದಿಕೆ ಹಾಕಿಸಿಕೊಂಡ 20,000ಕ್ಕೂ ಹೆಚ್ಚಿನ ಮನೆಗಳಲ್ಲಿ, ನೂರಕ್ಕೆ 98ರಲ್ಲಿ ಸರಿಪಡಿಸಲೇಬೇಕಾದ ದೊಡ್ಡ ದೋಷಗಳಿರುವುವೆಂದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾಲಯವು 2025ರಲ್ಲಿ ಅಂದಾಜು ಮಾಡಿತು. ಹಾಗೆಯೇ ಬಿಟ್ಟರೆ ಗೋಡೆಗೆ ತೇವವಿಳಿದು ಬೂಷ್ಟು ಹಿಡಿಯುವುದು. ತಪ್ಪಾಗಿ ಕೊಟ್ಟ ಹಣವು ಅಂಗಡಿಯಲ್ಲಾದರೂ ಚಲಾವಣೆಯಾದೀತು. ತಪ್ಪಾಗಿ ಹಾಕಿದ ಹೊದಿಕೆಯಾದರೋ ಮನೆಯವರೊಡನೆಯೇ ವಾಸಮಾಡುವುದು. ಬಡವನ ಮನೆಯ ಗೋಡೆಗೆ ಕೈಯಿಕ್ಕಿದ ಸರ್ಕಾರವು ಕೆಲಸದ ಕೊನೆಯ ಮೊಳೆಯವರೆಗೂ ಹೊಣೆ ಹೊರಬೇಕು.

ಇಷ್ಟಾದರೂ ಎರಡನೆಯ ದಾರಿಯೇ ಮೇಲೆಂದು ನಾವು ಹೇಳುವೆವು. ಕಾರಣವು ಉಳಿತಾಯವೊಂದೇ ಅಲ್ಲ. ವರ್ಷವರ್ಷವೂ ಬರುವ ಹಣದೊಡನೆ ಕೊಡುವವನ ಹೆಸರೂ ಬರುತ್ತದೆ. ಪಡೆದವನು ವರ್ಷವರ್ಷವೂ ಕೃತಜ್ಞನಾಗಿರಬೇಕಾಗುತ್ತದೆ. ಮಾಡಿನ ಕೆಳಗಿನ ಹೊದಿಕೆಯನ್ನು ಯಾರೂ ಕಾಣರು. ಎರಡು ವರ್ಷ ಕಳೆಯಲು ಹಾಕಿಸಿಕೊಟ್ಟವರನ್ನೂ ಮರೆಯುವರು. ಮೊದಲನೆಯದು ಆಳುವವರಿಗೆ ಪ್ರಿಯವಾಗುವುದಕ್ಕೂ ಎರಡನೆಯದು ಪದೇಪದೇ ಅರ್ಧಕ್ಕೆ ನಿಲ್ಲುವುದಕ್ಕೂ ಇದು ಒಂದು ಕಾರಣವಾಗಿರಬಹುದು. ಆದರೆ ಪಡೆದವನನ್ನು ಮತ್ತೆ ಬೇಡದಂತೆ ಮಾಡಿ, ಕೊಟ್ಟವನನ್ನು ಮರೆಯುವ ಸ್ವಾತಂತ್ರ್ಯವನ್ನೂ ಅವನಿಗೆ ಕೊಡುವುದಲ್ಲವೇ ಉತ್ತಮವಾದ ದಾನ?

ಈ ವಿಚಾರವು ನಮಗೂ ಹೊರತಲ್ಲ. 2023ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯು 200 ಯೂನಿಟ್ಟುಗಳ ಮಿತಿಯೊಳಗೆ ಮನೆಗಳಿಗೆ ವಿದ್ಯುತ್ತನ್ನು ಬಿಟ್ಟಿಯಾಗಿ ಒದಗಿಸಿತು. ಅನೇಕ ಬಡಸಂಸಾರಗಳಿಗೆ ಅದರಿಂದ ನೆಮ್ಮದಿಯಾದುದು ನಿಜ. ಆದರೆ ಆಗ ಪ್ರತಿಯೊಂದು ಮನೆಯ ಪಾಲನ್ನು ಅದರ ಹಿಂದಿನ ವರ್ಷದ ಸರಾಸರಿ ಬಳಕೆಗೆ ನೂರಕ್ಕೆ 10ನ್ನು ಸೇರಿಸಿ ಗೊತ್ತುಮಾಡಿದರು. ಮೊದಲಿನಿಂದಲೂ ದೀಪವಾರಿಸಿ ಹಿತಮಿತವಾಗಿ ಬಾಳಿದ ಗೃಹಿಣಿಗೆ ಸಣ್ಣ ಪಾಲು, ಧಾರಾಳವಾಗಿ ಉರಿಸಿದವರಿಗೆ ದೊಡ್ಡ ಪಾಲು! ಬಿಲ್ಲನ್ನು ಮಾತ್ರ ನೋಡಿ ಮನೆಯನ್ನು ನೋಡದಿದ್ದರೆ ಇಲ್ಲಿಯೂ ನ್ಯಾಯವು ತಪ್ಪುವುದು.

ಈ ರಾತ್ರಿಯ ಚಳಿಗೆ ಹಣ, ನಾಳಿನ ಚಳಿಗೆ ಗೋಡೆ. ಒಂದನ್ನು ಕೊಟ್ಟ ಮಾತ್ರಕ್ಕೆ ಇನ್ನೊಂದರ ಋಣವು ತೀರುವುದಿಲ್ಲ. ಸರ್ವಜ್ಞನು ಎರಡನ್ನೂ ಬೇರೆ ಬೇರೆಯಾಗಿ ಎಣಿಸಿದುದು ಸುಮ್ಮನಲ್ಲ.